ನೀಲಕ್ಕ ಹಾಕಿದ ಲೆಕ್ಕ

ಮೊನ್ನೆ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ತಿರುವುತ್ತಿದ್ದಾಗ ಮೋಟರು ಬಿಸಿಯಾಗಿ, ಸುಟ್ಟ ವಾರ್ನಿಷಿನ ಒಗರು ವಾಸನೆ ಅಡುಗೆಮನೆ ತುಂಬ ಹಬ್ಬಿತು. ಸ್ವಿಚ್ಚು ಆರಿಸಿ ಕಿಟಕಿ ತೆರೆದರೂ ಹೋಗಲಿಲ್ಲ. ಬಾಗಲಕೋಟೆಯ ಈ ಸಿಮೆಂಟಿನ ಮನೆಯಲ್ಲಿ ನಿಂತಿದ್ದವಳು ಇಳಕಲ್ಲಿನ ನಮ್ಮ ಮಾಳಿಗೆ ಮನೆಯ ಪಡಸಾಲೆಗೆ ಹೋಗಿಬಿಟ್ಟೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ವಾಸನೆಯಲ್ಲಷ್ಟೇ ಉಳಿದಿರುವಂಥದು. ನಮ್ಮದು ಗಂಜಿ ಹಚ್ಚಿದ ನೂಲಿನ, ಒದ್ದೆ ಬಣ್ಣದ, ಯಂತ್ರದೆಣ್ಣೆಯ ವಾಸನೆಯ ಮನೆ. ಪಡಸಾಲೆಯಲ್ಲಿ ಅಪ್ಪನ ತಮ್ಮ ಕಾಕಾನ ಎರಡು ಪವರ್‌ಲೂಮುಗಳು ನೆಲ ನಡುಗುವಂತೆ ಬಡಿದುಕೊಳ್ಳುತ್ತಿದ್ದವು. ಅವುಗಳ ಆಚೆ, ಮೂಲೆಯ ಕುಣಿಮಗ್ಗದಲ್ಲಿ, ಸೊಂಟದವರೆಗೆ ನೆಲದೊಳಗಿಳಿದು ಕೂತವಳು ಆಯಿ, ಅಪ್ಪನ ತಾಯಿ. ಸೀರೆಯ ಮೈಯ ಹಾಸಿನ ಉದ್ದೆಳೆಗಳಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದರಲ್ಲಿ ಅವಳ ಬೆರಳಿಗೆ ಓಣಿಯಲ್ಲೇ ಸಾಟಿಯಿರಲಿಲ್ಲ. ಆ ಗದ್ದಲದಲ್ಲಿ ಮಾತು ಕೇಳಿಸದೆ ನಾವೆಲ್ಲ ಸನ್ನೆಯಲ್ಲೇ ಊಟಕ್ಕೆ ಕರೆಯುತ್ತಿದ್ದೆವು, ಸನ್ನೆಯಲ್ಲೇ ಜಗಳವಾಡುತ್ತಿದ್ದೆವು.

ನನ್ನ ಅಕ್ಕ ನೀಲಾ ಆಗ ಪಿಯುಸಿ ಸೈನ್ಸ್ ಓದುತ್ತಿದ್ದಳು. ಕರೆಂಟಿನ ಪಾಠ ಅವಳಿಗೆ ಹುಚ್ಚು ಹಿಡಿಸಿತ್ತು. ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲನ್ನು ತೋರಿಸಿ, ನನ್ನನ್ನು ಎದುರಿಗೆ ಕೂಡಿಸಿಕೊಂಡು, ಇದ್ದಿಲಿನಿಂದ ಗೋಡೆಯ ಮೇಲೆ ಬರೆದು ಹೇಳಿಕೊಡುತ್ತಿದ್ದಳು. "ನೋಡ, ಇದಕ್ಕ ಇನ್ನೂರಾ ಮೂವತ್ತು ವೋಲ್ಟು ಬರತೈತಿ, ಐದು ಆಂಪಿಯರ್ ಎಳೀತೈತಿ. ವೋಲ್ಟನ್ನ ಆಂಪಿಯರಿನಿಂದ ಭಾಗಿಸು, ನಲವತ್ತಾರು ಓಮ್. ಅದು ರೋಧ, ಅಂದ್ರ ತಂತಿ ಎಷ್ಟು ತಡೀತೈತಿ ಅಂತ. ಎರಡನ್ನೂ ಗುಣಿಸು, ಸಾವಿರದ ನೂರಾ ಐವತ್ತು ವ್ಯಾಟ್. ಅದು ಸಾಮರ್ಥ್ಯ." ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಅವಳ ಮುಖದ ಹೊಳಪನ್ನೇ ನೋಡುತ್ತಿದ್ದೆ. ಕಣ್ಣಿಗೆ ಕಾಣದ್ದನ್ನು ಹೀಗೆ ಹಿಡಿದು ಅಳೆಯಬಹುದೆಂಬ ಸಂತೋಷ ಅದು. ಅಂಥ ಹೊಳಪನ್ನು ಆಮೇಲೆ ಅವಳ ಮುಖದಲ್ಲಿ ನಾನು ಕಾಣಲಿಲ್ಲ.

ಶ್ರಾವಣ ಮುಗಿಯುತ್ತಿದ್ದಂತೆ ಕಾಕಾ ಮೂರನೆಯ ಪವರ್‌ಲೂಮು ತಂದ. ಅಂದಿನಿಂದ ಫ್ಯೂಸು ಹಾರಲು ಶುರುವಾಯಿತು. ಹಾರಿದಾಗೆಲ್ಲ ಕಾಕಾ ಬಯ್ಯುತ್ತ ಕುರ್ಚಿ ಹತ್ತುತ್ತಿದ್ದ. ಒಂದು ದಿನ ಬೇಸತ್ತು, ಫ್ಯೂಸಿನ ಕೂದಲೆಳೆಯಂಥ ತಂತಿಯ ಬದಲು ತಾಮ್ರದ ದಪ್ಪ ಎಳೆಗಳನ್ನು ಹುರಿಮಾಡಿ ಬಿಗಿದ. ಕೆಳಗೆ ನಿಂತಿದ್ದ ನೀಲಕ್ಕ ಗಾಬರಿಯಾದಳು.

"ಕಾಕಾ, ಹಂಗ ಮಾಡಬ್ಯಾಡ. ಫ್ಯೂಸ್ ಹೋಗೂದು ತಪ್ಪಲ್ಲ, ಅದರ ಕೆಲಸಾನ ಅದು. ನಮ್ಮನಿ ವಾಯರ್ ಬರೀ ದೀಪಕ್ಕಂತ ಹಾಕಿಸಿದ್ದು, ಐದು ಆಂಪಿಯರ್ ತಡೀತೈತಿ. ಮೂರೂ ಲೂಮ್ ಹತ್ತು ಎಳೀತಾವ. ಕರೆಂಟ್ ಎರಡು ಪಟ್ಟಾದ್ರ ಕಾವು ನಾಕು ಪಟ್ಟಾಗತೈತಿ. ತೊಲಿಗೆ ಹತ್ತಿದ ವಾಯರ್ ಅದು, ಸುಡತೈತಿ."

ಕಾಕಾ ಕುರ್ಚಿಯಿಂದಿಳಿದು ನಕ್ಕ. "ಸಾಲ್ಯಾಗಿನ ಲೆಕ್ಕ ಸಾಲ್ಯಾಗ ಇಡು. ಮಗ್ಗದ ಮನ್ಯಾಗ ಸುಡತೈತಿ ಅಂತ ಹೆಣ್ಮಗಳು ನುಡೀಬಾರದು."

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಲಾಳಿಗೆ ನೂಲು ತುಂಬುತ್ತ, ತಲೆಯೆತ್ತದೆ, "ತಮ್ಮ ನೋಡ್ಕೋತಾನ ಬಿಡವ್ವ" ಅಂದ. ಅಷ್ಟೆ. ಕಾಕಾ ಕೆಟ್ಟವನಲ್ಲ, ಇದನ್ನೂ ಹೇಳಬೇಕು. ಜ್ವರ ಬಂದರೆ ನಮ್ಮನ್ನು ಹೆಗಲ ಮೇಲೆ ಹೊತ್ತು ದವಾಖಾನಿಗೆ ಓಡುತ್ತಿದ್ದವನೂ ಅವನೇ. ಮನೆಯ ಹುಡುಗಿಯೊಬ್ಬಳಿಗೆ ತನಗೆ ತಿಳಿಯದ್ದು ತಿಳಿದಿರಬಹುದೆಂದು ಒಪ್ಪುವುದೊಂದೇ ಅವನಿಂದ ಆಗದ ಮಾತು.

ಫ್ಯೂಸು ಮತ್ತೆ ಹಾರಲಿಲ್ಲ. ದೀಪಾವಳಿಗೆ ಮುಂಚೆ, ಕೆಲಸ ಜೋರಿದ್ದ ಒಂದು ಮಧ್ಯಾಹ್ನ, ತೊಲೆಯ ಮೇಲಿನ ವಾಯರು ಉರಿಯಿತು. ಉರಿಯುವ ರಬ್ಬರು ಹನಿಹನಿಯಾಗಿ ಕೆಳಗಿನ ಹತ್ತಿಯ ಧೂಳಿನ ಮೇಲೆ, ಹಾಸಿನ ಮೇಲೆ ಬಿತ್ತು. ಲೂಮಿನವರು ಹೊರಗೆ ಓಡಿದರು. ಕುಣಿಯಲ್ಲಿದ್ದ ಆಯಿ ಓಡಲಿಲ್ಲ. ಅರ್ಧ ನೇಯ್ದ ರೇಷ್ಮೆ ಸೆರಗಿಗೆ ಹತ್ತಿದ ಬೆಂಕಿಯನ್ನು ಅಂಗೈಯಿಂದ ಬಡಿಯುತ್ತ ಕೂತಿದ್ದಳು. ಅಪ್ಪ ಒಳಗೆ ನುಗ್ಗಿ ಅವಳನ್ನು ಮೇಲೆತ್ತಿ ತಂದ. ಜೀವ ಉಳಿಯಿತು. ಬೆರಳುಗಳು ಒಂದಕ್ಕೊಂದು ಅಂಟಿ, ಸೊಟ್ಟಗಾಗಿ, ಆಮೇಲೆ ತುತ್ತನ್ನೂ ಹಿಡಿಯಲಿಲ್ಲ. ಮನೆಯಲ್ಲಿದ್ದಷ್ಟು ದಿನ ನೀಲಕ್ಕನೇ ಉಣಿಸುತ್ತಿದ್ದಳು. ಎರಡು ಮಳೆಗಾಲ ಹಾಗೆ ಬದುಕಿ ಆಯಿ ಹೋದಳು.

ಆದರೆ ಬೆಂಕಿ ಬಿದ್ದ ದಿನ, ಸುಟ್ಟ ಪಡಸಾಲೆಯ ಮುಂದೆ ನಿಂತು ಕಾಕಾ ಅಂದದ್ದು ನನಗೆ ಇವತ್ತಿಗೂ ನುಂಗಲಾಗದ ತುತ್ತು. "ನುಡದ್ಲು ನೋಡ್ರಿ, ಹಂಗಾತು. ಅಕಿ ನಾಲಿಗಿ ಭಾಳ ಕೆಟ್ಟದ್ದು." ಓಣಿಯವರು ಹೌದೆಂದರು. ತಂತಿಯನ್ನು ಯಾರೂ ದೂರಲಿಲ್ಲ, ಬಿಗಿದ ಕೈಯನ್ನೂ ದೂರಲಿಲ್ಲ. ನೀಲಕ್ಕನ ಕಾಲೇಜು ಅಲ್ಲಿಗೇ ನಿಂತಿತು. ಕೆಟ್ಟ ಬಾಯಿಯ ಹುಡುಗಿಯೆಂಬ ಮಾತು ಹಬ್ಬುವ ಮೊದಲೇ ಎಂದು ಅವಸರದಲ್ಲಿ ಕುಳಗೇರಿ ಕ್ರಾಸಿನ ಕಿರಾಣಿ ಅಂಗಡಿಯವನಿಗೆ ಕೊಟ್ಟರು. ಮದುವೆಯಲ್ಲಿ ಅವಳು ಯಾರೊಂದಿಗೂ ಮಾತಾಡಲಿಲ್ಲ. "ಎಷ್ಟು ಸುಮ್ಮನ ಹುಡುಗಿ!" ಎಂದು ಬೀಗರು ಹಿಗ್ಗಿದರು. ಮನೆ ಪಾಲಾಯಿತು. ಅಪ್ಪ ಬೇರೆಯವರ ಲೂಮಿಗೆ ಕೂಲಿಗೆ ಹೋದ. ಆ ಜಾಗದಲ್ಲಿ ಈಗ ಗ್ರಾನೈಟ್ ಚಪ್ಪಡಿಗಳನ್ನು ಸಾಲಾಗಿ ಒರಗಿಸಿದ್ದಾರೆ.

ಹೋದ ವರ್ಷ ಕಾಕಾ ಹುನಗುಂದದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡ. ನೀಲಕ್ಕ ಮೊದಲ ಬಸ್ಸಿಗೇ ಬಂದಳು. ಹೆಣದ ಮುಂದೆ ಕೂತು, ಹೆತ್ತ ಮಗಳಿಗಿಂತ ಹೆಚ್ಚು ಅತ್ತಳು. ನನಗೆ ಸಿಟ್ಟು ಬಂತು. ಮಣ್ಣಾದ ಮೇಲೆ ಹಿತ್ತಲಿನಲ್ಲಿ ಕೈಕಾಲು ತೊಳೆಯುವಾಗ ಕೇಳಿಯೇಬಿಟ್ಟೆ: "ಅವನ ಸಲುವಾಗಿ ಅಷ್ಟ್ಯಾಕ ಅಳ್ತಿ, ಅಕ್ಕಾ?"

"ಅವನ ಸಲುವಾಗಿ ಅಲ್ಲ," ಅಂದಳು. "ಒಂದ ಸಲ, ನೀ ಹೇಳಿದ್ದು ಖರೆ ಇತ್ತವ್ವ ಅಂತಾನೇನೋ ಅಂತ ಇಷ್ಟು ವರ್ಷ ಕಾದೆ. ಅಪ್ಪ ಹೋದ, ಆಯಿ ಹೋದ್ಲು. ಇನ್ನ ಅನ್ನೋರು ಯಾರೂ ಉಳೀಲಿಲ್ಲ."

"ನಾ ಅಂತೀನಲ್ಲ, ನೀ ಹೇಳಿದ್ದು ಖರೆ ಇತ್ತು ಅಂತ."

"ನೀ ಆವತ್ತೂ ನಂಬಿದ್ದಿಯಲ್ಲ ತಂಗಿ," ಎಂದು ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅದರಿಂದ ಏನಾತು?"

ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಅವಳು ಅಂಗಡಿಯ ಮಾತಾಡಿದಳು, ಗಂಡನ ಮೊಣಕಾಲ ನೋವಿನ ಮಾತಾಡಿದಳು. ನಾನು ಹೂಂ ಅನ್ನುತ್ತಲೇ ಇದ್ದೆ.