ಟಿಟ್ಟಿಭಕ್ಕೊಂದು ಮುಚ್ಚಳ

ಮುಚ್ಚದೆ ಇಟ್ಟ ವಸ್ತು ಕಂಡರೆ ನನ್ನ ಜೀವ ಹಾರುತ್ತದೆ. ನೌಪಾಡಾದ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತು “ಚಟ್ನಿ ಮುಚ್ಚಿ, ಸಾಂಬಾರ್ ಮುಚ್ಚಿ” ಎಂದು ಕೂಗಿದವನು ನಾನು. ನಿವೃತ್ತನಾದರೂ ಚಾಳಿ ಹೋಗಿಲ್ಲ. ನೆಂಟರ ಮನೆಯಲ್ಲೂ ನೀರಿನ ಚೊಂಬಿನ ಮೇಲೆ ತಟ್ಟೆ ಬೋರಲು ಹಾಕಿ ಬರುತ್ತೇನೆ. “ನಿಮ್ಮ ಬಾಯಿಗೂ ಒಂದು ಮುಚ್ಚಳ ಇದ್ದಿದ್ರೆ ಒಳ್ಳೇದಿತ್ತು ಮಾರಾಯ್ರೇ” ಎನ್ನುತ್ತಾಳೆ ಹೆಂಡತಿ ಸುಮತಿ.

ಕಳೆದ ಏಪ್ರಿಲಿನ ಒಂದು ಬೆಳಿಗ್ಗೆ, ಡೊಂಬಿವಲಿಯ ನಮ್ಮ ಕಟ್ಟಡದ ಹಿಂದಿನ ಹೊಲದಲ್ಲಿ ವಾಕಿಂಗ್ ಹೋದವನ ಕಾಲ ಬುಡದಲ್ಲೇ ನಾಲ್ಕು ಮೊಟ್ಟೆ! ಗೂಡಿಲ್ಲ, ಪೊದೆಯಿಲ್ಲ, ಒಂದು ಹುಲ್ಲಿನ ಮರೆಯೂ ಇಲ್ಲ. ಬೋಳು ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ಒಂದಿಷ್ಟು ಹರಳುಕಲ್ಲು. ತಲೆಯ ಮೇಲೆ ಟಿಟ್ಟಿಭ ಹಕ್ಕಿ ಕಿರುಚುತ್ತಿತ್ತು. ಆಕಾಶ ಬಿದ್ದೀತೆಂದು ಕಾಲು ಮೇಲೆತ್ತಿ ಮಲಗುವ ಹಕ್ಕಿ ಇದೇ ಅಂತೆ; ಮಕ್ಕಳನ್ನು ಮಾತ್ರ ಬಿಸಿಲಿಗೂ ಕಾಗೆಗೂ ತೆರೆದಿಟ್ಟಿದೆ! ಎಂಥ ತಾಯಿ!

ಬದುವಿನ ಹುಲ್ಲು ಕಿತ್ತು ತಂದು ಮೊಟ್ಟೆಗಳ ಮೇಲೆ ಚಪ್ಪರ ಹಾಕಿದೆ. ಎರಡು ಹಸಿರು ಟೊಂಗೆಯನ್ನೂ ಹೊದಿಸಿದೆ. ಪಾರ್ಸಲ್ ಕಟ್ಟಿದಷ್ಟು ಅಚ್ಚುಕಟ್ಟು. ಪುಣ್ಯ ಕಟ್ಟಿಕೊಂಡ ಹೆಮ್ಮೆಯಲ್ಲಿ ದೂರ ಹೋಗಿ ನಿಂತೆ. ಹಕ್ಕಿ ಇಳಿಯಿತು, ನಾಲ್ಕು ಹೆಜ್ಜೆ ಬಂತು, ಬೆಚ್ಚಿ ಹಾರಿತು. ಮತ್ತೆ ಬಂತು, ಮತ್ತೆ ಹಾರಿತು. ಬಿಸಿಲು ಏರುತ್ತಲೇ ಇತ್ತು.

ಅಷ್ಟರಲ್ಲಿ ಹೊಲದ ಯಜಮಾನ ಬಾಳು ಕಾಕಾ ಓಡಿ ಬಂದರು. “ಅರೇ ಶೇಠ್, ಹೇ ಕಾಯ್ ಕೇಲಂ?” ಇದೇನು ಮಾಡಿಬಿಟ್ರಿ ಎಂದು. ಅವರ ಮರಾಠಿಯಲ್ಲಿ ಬೈಗುಳ ಕಳೆದು ಉಳಿದದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: ಟಿಟ್ಟಿಭಕ್ಕೆ ಸುತ್ತಲೂ ಕಾಣುವ ನೆಲ ಬೇಕು. ನಾಯಿ, ಮುಂಗುಸಿ ದೂರದಲ್ಲೇ ಕಂಡರೆ ಅದು ಎದ್ದು ಹೋಗಿ ಕೂಗಾಡಿ ಬೇರೆಡೆಗೆ ಸೆಳೆಯುತ್ತದೆ. ಮೊಟ್ಟೆಗೆ ಮಣ್ಣಿನ ಬಣ್ಣವೇ ಮರೆ. ಗಿಡ ಎತ್ತರ ಬೆಳೆದಲ್ಲಿ ಅದು ಮೊಟ್ಟೆ ಇಡುವುದೇ ಇಲ್ಲ. ಹಿಂದೆ ಭತ್ತ, ಅವರೆ ಮುಗಿದರೆ ಮಳೆಗಾಲದವರೆಗೆ ಹೊಲ ಖಾಲಿ ಇರುತ್ತಿತ್ತು. ಈಗ ಬೋರ್‌ವೆಲ್ ಬಂದು ವರ್ಷವಿಡೀ ಪಾಲಕ್, ಮೆಂತ್ಯ. “ಈ ಒಂದು ತುಂಡು ಬಿತ್ತದೆ ಬಿಟ್ಟದ್ದು ಅದಕ್ಕೇ. ನೀವು ಬಂದು ಇಲ್ಲೂ ಕಾಡು ಬೆಳೆಸಿಬಿಟ್ರಿ!”

ನಾನು ತತ್ತರಿಸಿಹೋದೆ. ಹಸಿರೆಂದರೆ ಪುಣ್ಯ ಎಂದು ನಂಬಿದವನು, ದಿನಾ ಆ ಪಾಲಕ್ ಪಾತಿ ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತಿದ್ದವನು ನಾನು. ಸೊಪ್ಪಿನ ಕಟ್ಟೊಂದು ಹಕ್ಕಿಯ ಸಂಸಾರವನ್ನು ಒಕ್ಕಲೆಬ್ಬಿಸಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಚಪ್ಪರ ಕಿತ್ತೆ. ಇಬ್ಬರೂ ದೂರದ ಮರದಡಿ ಕೂತೆವು. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು. ಮೊಟ್ಟೆ ಎಷ್ಟು ಬಿಸಿಗೆ ಬೇಯುತ್ತದೆಂಬುದೂ ನನಗೆ ತಿಳಿಯದು. ಅದರಿಂದ ಹೆದರಿಕೆ ಇಮ್ಮಡಿಯಾಯಿತು. ದೇವರೇ, ಈ ನಾಲ್ಕು ಜೀವ ನನ್ನ ಒಳ್ಳೆಯತನಕ್ಕೆ ಬಲಿಯಾಗದಿರಲಿ ಎಂದುಕೊಂಡೆ.

ಕಡೆಗೂ ಹಕ್ಕಿ ಬಂತು. “ನೋಡಿ, ಹೊಟ್ಟೆ ಒದ್ದೆ ಮಾಡ್ಕೊಂಡು ಬಂದಿದೆ, ಮೊಟ್ಟೆ ತಂಪು ಮಾಡ್ಲಿಕ್ಕೆ” ಎಂದರು ಕಾಕಾ. ಅದು ಮೊಟ್ಟೆಗಳ ಸುತ್ತ ಒಂದು ಸುತ್ತು ಹಾಕಿತು. ನಾನು ತೆಗೆಯಲು ಮರೆತಿದ್ದ ಒಂದೇ ಒಂದು ಹುಲ್ಲೆಳೆಯನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆಸೆಯಿತು. ಆಮೇಲೆಯೇ ಕೂತಿತು.