ಚನ್ನಬಸವಯ್ಯನವರ ಲಾಗ್ ಬುಕ್ಕು

ಹುಟ್ಟುಗುಣ ಸುಟ್ಟರೂ ಹೋಗೋಲ್ಲ ಅಂತಾರೆ. ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರ ಗುಣವೂ ಹಾಗೇ, ಬರೆದಿಟ್ಟುಕೊಳ್ಳಿ. ಬರೆದಿಟ್ಟುಕೊಳ್ಳೋದೇ ಚನ್ನಬಸವಯ್ಯನವರ ಗುಣ. ಅಲ್ಲಿ ಗಂಟೆಗೊಂದು ಸಲ ಮೀಟರು ನೋಡಿ ಲಾಗ್ ಬುಕ್ಕಿನಲ್ಲಿ ಬರೆಯಬೇಕಿತ್ತು. ಏನೂ ನಡೆಯದಿದ್ದರೆ ‘ಎಲ್ಲಾ ನಾರ್ಮಲ್’ ಅಂತಾದರೂ ಬರೀಬೇಕು. ತಪ್ಪಾದರೆ ಅಳಿಸೋ ಹಾಗಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಬೇಕು. ಪುಟ ಹರಿಯೋದಂತೂ ದೂರದ ಮಾತು, ಪ್ರತಿ ಪುಟಕ್ಕೂ ನಂಬರು.

ರಿಟೈರ್ ಆದ ಮೇಲೆ ಮನೆಯಲ್ಲೂ ಶುರು ಹಚ್ಚಿಕೊಂಡರು. ಹೆಂಡತಿ ಲಕ್ಷ್ಮಮ್ಮನಿಗೆ ತಲೆ ಕೆಟ್ಟುಹೋಯಿತು. “ನಾನು ಹಾಲು ಎಷ್ಟೊತ್ತಿಗೆ ಉಕ್ಕಿಸಿದೆ ಅಂತನೂ ಬರೀತೀರಲ್ರೀ! ಎಲ್ಲಾದ್ರೂ ಕೆಲ್ಸಕ್ಕಾದ್ರೂ ಹೋಗಿ, ಪುಣ್ಯ ಬರುತ್ತೆ” ಅಂದರು. ಹಾಗೆ ಅವರು ಬಿಟಿಎಂ ಲೇಔಟಿನ ನಂದಕುಮಾರನ ಆಫೀಸು ಸೇರಿದ್ದು. ಬಾಗಿಲು ತೆಗೆಯೋದು, ಬಂದವರನ್ನು ಕೂರಿಸೋದು, ಕಾಫಿ ತರಿಸೋದು, ಸಂಜೆ ಬೀಗ ಹಾಕೋದು. ಜೊತೆಗೆ, ಯಾರೂ ಕೇಳದಿದ್ದರೂ, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬಂದದ್ದು ಹೋದದ್ದು ಬರೆಯೋದು.

ನಂದಕುಮಾರನ ತಾತ ರಾಗಿ ಬೆಳೆದ ಹೊಲದ ಮೇಲೆ ಅವನಪ್ಪ ಛತ್ರ ಕಟ್ಟಿಸಿದ್ದರು. ಮಗ ಒಂದು ಹೆಜ್ಜೆ ಮುಂದೆ ಹೋಗಿ ಊರಿನ ಛತ್ರಗಳನ್ನೆಲ್ಲ ಮದುವೆಗೆ ಬುಕ್ ಮಾಡೋ ವೆಬ್‌ಸೈಟು ಮಾಡಿದ್ದ. ಪ್ರೋಗ್ರಾಂ ಬರೆಯೋಕೆ ರವಿಕುಮಾರ, ಬುಕ್ಕಿಂಗ್ ನೋಡಿಕೊಳ್ಳೋಕೆ ಬಾಗಲಕೋಟೆ ಕಡೆಯ ಅನ್ನಪೂರ್ಣ. ಅವಳು ಮಡಿವಾಳದ ಹತ್ತಿರ ಒಂದು ರೂಮಿನಲ್ಲಿ ಬಾಡಿಗೆಗಿದ್ದಳು, ಚನ್ನಬಸವಯ್ಯನವರನ್ನು ಬಾಯ್ತುಂಬ ‘ಕಾಕಾ’ ಅನ್ನುತ್ತಿದ್ದಳು.

ಮೊದಲು ಆ ಸೈಟು ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲೇ ಇತ್ತು. ಕರೆಂಟು ಹೋದರೆ ಊರಿನ ಛತ್ರಗಳೆಲ್ಲ ಮಾಯ! ೨೦೦೯ರಲ್ಲಿ ರವಿಕುಮಾರ ಅದನ್ನು ಎಲ್ಲೋ ಹೊರದೇಶದ ಬಾಡಿಗೆ ಕಂಪ್ಯೂಟರಿಗೆ ಸಾಗಿಸಿದ.

“ಇದಕ್ಕೆ ಕ್ಲೌಡು ಅಂತಾರೆ ಅಂಕಲ್.”

“ಮೋಡಕ್ಕೆ ಏರಿಸಿಬಿಟ್ಯಾ? ಅಲ್ಲಿ ಡ್ಯೂಟಿ ಮೇಲೆ ಯಾರಿರ್ತಾರೆ?”

“ಯಾರೂ ಇರಲ್ಲ.”

“ಮತ್ತೆ ಲಾಗ್ ಬುಕ್ಕು ಯಾರಪ್ಪಾ ಬರೆಯೋದು?”

ರವಿಕುಮಾರ ನಗೋಕೆ ಹೋದವನು ತಲೆ ಕೆರೆದುಕೊಂಡ. ಪ್ರೋಗ್ರಾಮೇನೋ ತಾನು ಮಾಡಿದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆಯುತ್ತಿತ್ತು. ಆದರೆ ಬಾಡಿಗೆ ಮಷೀನು ಬದಲಾದಾಗಲೆಲ್ಲ ಆ ಫೈಲೂ ಹೋಗಿಬಿಡುತ್ತಿತ್ತು.

“ಡ್ಯೂಟಿ ಮುಗಿದ ತಕ್ಷಣ ಪುಸ್ತಕ ಸುಟ್ಟುಹಾಕೋ ಸ್ಟೇಷನ್ನು ಎಲ್ಲಾದ್ರೂ ಇರ್ತದೇನಯ್ಯಾ?” ಅಂತ ಚನ್ನಬಸವಯ್ಯನವರು ರೇಗಿದರು.

ಆ ಮಾತು ನಾಟಿತು. ರವಿಕುಮಾರ ಎರಡು ದಿನ ಕೂತು, ಪ್ರತಿಯೊಂದು ಸಾಲೂ ಬೇರೆ ಕಡೆ ಹೋಗಿ ಜೋಪಾನವಾಗಿ ಸೇರುವ ಹಾಗೆ ಮಾಡಿದ. ನೋಡೋಕೆ ಒಂದು ಪುಟ, ಹುಡುಕೋಕೆ ಒಂದು ಚೌಕ. ಯಾವಾಗ, ಯಾರು, ಏನು ಮಾಡಿದರು, ಅಷ್ಟೇ. ಪಾಸ್‌ವರ್ಡನ್ನು ಚನ್ನಬಸವಯ್ಯನವರಿಗೂ ಕೊಟ್ಟ. ಕೊಡದಿದ್ದರೆ ಅವರು ಬಿಡಬೇಕಲ್ಲ.

ಆಮೇಲೆ ಮಧ್ಯಾಹ್ನ ಬುತ್ತಿ ಮುಗಿಸಿದರೆ ಅವರಿಗೆ ಅದೇ ಕೆಲಸ. ಎಂಥ ಮಜಾ ಅಂತೀರಿ! ಒಬ್ಬರು ಒಂದೇ ಛತ್ರವನ್ನು ದಿನಕ್ಕೆ ಆರು ಸಲ ತೆಗೆದು ನೋಡುತ್ತಾರೆ, ಬುಕ್ ಮಾಡೋಲ್ಲ. ಹುಡುಗನ ಕಡೆಯವರು ಇನ್ನೂ ಹೂಂ ಅಂದಿಲ್ಲವೋ, ಹುಡುಗಿಯೇ ಒಲ್ಲೆ ಅಂತಿದ್ದಾಳೋ? “ಏಳನೇ ಸಲ ನೋಡಿದ್ರು ಕಣಮ್ಮಾ, ಒಂದು ಫೋನ್ ಮಾಡಿ ಮಾತಾಡ್ಸು” ಅಂತ ಅನ್ನಪೂರ್ಣಳಿಗೆ ಹೇಳೋರು. ಅವಳು ಮಾತಾಡಿಸಿದರೆ ಬುಕ್ಕಿಂಗ್ ಗ್ಯಾರಂಟಿ.

ಹೀಗೆ ನಡೀತಿರುವಾಗ ಒಂದು ಬುಧವಾರ ವಿಲ್ಸನ್ ಗಾರ್ಡನ್ನಿನ ಗಂಗಾಧರಯ್ಯ ಅನ್ನೋರು ಕೆಂಡಾಮಂಡಲವಾಗಿ ಬಂದರು. ಮಗಳ ಮದುವೆಗೆ ಮೂರು ತಿಂಗಳ ಹಿಂದೆ ಛತ್ರ ಹಿಡಿದಿದ್ದರು, ಲಗ್ನಪತ್ರಿಕೆ ಹಂಚಿಯಾಗಿತ್ತು. ಈಗ ನೋಡಿದರೆ ಅದೇ ದಿನ ಅದೇ ಛತ್ರ ಬೇರೆಯವರಿಗೆ ಹೋಗಿದೆ!

ರವಿಕುಮಾರ ರಜೆ ಹಾಕಿ ಊರಿಗೆ ಹೋಗಿದ್ದ. ನಂದಕುಮಾರ ಮೊದಲ ಸಲ ತಾನೇ ಆ ಲಾಗು ತೆಗೆದ. ಸಾಲು ಸ್ಪಷ್ಟವಾಗಿತ್ತು. ಕಳೆದ ಶುಕ್ರವಾರ, ಬೆಳಗ್ಗೆ 5.10, ಅನ್ನಪೂರ್ಣ, ಬುಕ್ಕಿಂಗ್ ರದ್ದು. ಅದರ ಬೆನ್ನಿಗೇ ಆ ದಿನ ಹಿಡಿದವರು ಬಾಗಲಕೋಟೆಯವರು.

“ಜಾವದಲ್ಲಿ ಎದ್ದು ಕದ್ದು ರದ್ದು ಮಾಡಿ ನಿಮ್ಮೂರೋರಿಗೆ ಕೊಟ್ಟಿದೀಯ, ಅಲ್ವಾ?”

“ಇಲ್ರೀ ಸರ್! ನನ್ನ ರೂಮಿನಾಗ ಕಂಪ್ಯೂಟರೇ ಇಲ್ಲ. ಐದಕ್ಕ ನಾ ಕೊಡ ಹಿಡಕೊಂಡು ನೀರಿನ ಪಾಳಿಗೆ ನಿಂತಿರ್ತೀನ್ರಿ.”

“ಮತ್ತೆ ಲಾಗು ಸುಳ್ಳು ಹೇಳುತ್ತಾ?” ಅಂದವನೇ ಹಾಜರಿ ಪುಸ್ತಕ ಎಳೆದುಕೊಂಡು ಅವಳ ಹೆಸರಿನ ಮೇಲೆ ಕೆಂಪು ಗೆರೆ ಹೊಡೆದ. “ನಾಳೆಯಿಂದ ಬರಬೇಡ.”

ಬ್ಯಾಗು ಎತ್ತಿಕೊಂಡು ಬಾಗಿಲ ಹತ್ತಿರ ಬಂದವಳು ಚನ್ನಬಸವಯ್ಯನವರ ಮುಂದೆ ನಿಂತಳು. “ಮನಿಗೆ ಏನಂತ ಹೇಳ್ಲಿ ಕಾಕಾ? ಕೆಲಸ ಹೋತು ಅನ್ಲೋ, ಕಳ್ಳಿ ಅನ್ನಿಸಿಕೊಂಡೆ ಅನ್ಲೋ?” ಅಂದಳು.

ಚನ್ನಬಸವಯ್ಯನವರು ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತರು. ಬೇಕು ಬೇಕು ಅಂತ ಗಂಟುಬಿದ್ದು ಆ ಲಾಗು ಹಾಕಿಸಿದ್ದು ಯಾರು? ತಾವೇ. ಲಾಗ್ ಬುಕ್ಕು ಸುಳ್ಳು ಹೇಳಲ್ಲ ಅಂತ ಮೂವತ್ತೊಂದು ವರ್ಷ ನಂಬಿದ ಮನುಷ್ಯ. ಆ ಹುಡುಗಿಯೂ ಸುಳ್ಳು ಹೇಳೋಳಲ್ಲ. ಎರಡೂ ನಿಜ ಆಗೋದು ಹ್ಯಾಗೆ?

ನಂದಕುಮಾರ ಒಳಗಿನ ರೂಮಿನಲ್ಲಿ ಗಂಗಾಧರಯ್ಯನವರನ್ನು ಸಮಾಧಾನ ಮಾಡುತ್ತಿದ್ದ. ಇವರು ಕನ್ನಡಕ ಒರೆಸಿಕೊಂಡು ಸ್ಕ್ರೀನಿನ ಮುಂದೆ ಕೂತರು. ಇವತ್ತಿನ ಮೊದಲ ಸಾಲು, ಅನ್ನಪೂರ್ಣ ಲಾಗಿನ್, 4.05. ಎಲಾ! ಒಂಬತ್ತೂವರೆಗೆ ಬೀಗ ತೆಗೆದದ್ದು ತಾನು, ಅವಳು ಬಂದದ್ದು ಅದಾದ ಮೇಲೆ. ಇಷ್ಟು ದಿನ ಯಾರು, ಏನು ಅಂತ ನೋಡಿದ್ದೇ ಬಂತು, ಯಾವಾಗ ಅನ್ನೋದನ್ನು ನೋಡೇ ಇರಲಿಲ್ಲ. ಸೋಮವಾರವೂ ನಾಲ್ಕಕ್ಕೇ ಶುರು, ಹನ್ನೆರಡೂವರೆಗೆ ಮುಗೀತು. ಬೀಗದ ಕೈ ನನ್ನ ಸೊಂಟದಲ್ಲಿರುವಾಗ ಆಫೀಸು ನಾಲ್ಕಕ್ಕೆ ತೆಗೆಯೋದು ಯಾವ ದೆವ್ವ?

ತಮ್ಮ ನೋಟ್‌ಬುಕ್ಕು ತಂದು ಪಕ್ಕದಲ್ಲಿ ಬಿಚ್ಚಿದರು. ನಿನ್ನೆಯ ಪುಟ: ‘11.15 ಕರೆಂಟು ಹೋಯ್ತು, ಯುಪಿಎಸ್ ಕೈಕೊಟ್ಟಿತು. 12.00 ಬಂತು.’ ಲಾಗಿನಲ್ಲಿ ಹನ್ನೊಂದೂಕಾಲಕ್ಕೆ ಅನ್ನಪೂರ್ಣ ಆರಾಮಾಗಿ ಕೆಲಸ ಮಾಡ್ತಿದ್ದಾಳೆ! ಆದರೆ 5.45ರಿಂದ 6.30ರವರೆಗೆ ಅವಳ ಹೆಸರಿನ ಒಂದು ಸಾಲೂ ಇಲ್ಲ. ಸರಿಯಾಗಿ ಮುಕ್ಕಾಲು ಗಂಟೆ. ಬೆರಳು ಮಡಿಚಿ ಎಣಿಸಿದರು. ಐದೂವರೆ ಗಂಟೆ ಹಿಂದೆ.

ರವಿಕುಮಾರನಿಗೆ ಫೋನ್ ಹೊಡೆದರು.

“ಅಯ್ಯೋ ಅಂಕಲ್, ಅದು ಗ್ರೀನ್‌ವಿಚ್ ಟೈಮು, ಇಂಗ್ಲೆಂಡಿನ ಗಡಿಯಾರ! ಐದೂವರೆ ಗಂಟೆ ಸೇರಿಸ್ಕೋಬೇಕು. ಹೇಳೋದೇ ಮರೆತುಬಿಟ್ಟೆ.”

“ಒಳ್ಳೇ ಮರೆವು ಕಣಯ್ಯಾ ನಿಂದು!”

ಹಾಗಾದರೆ 5.10 ಅಂದರೆ 10.40. ಖುಷಿಯಾಗಿ ಎದ್ದೇಬಿಟ್ಟವರು ಮತ್ತೆ ಕುಸಿದು ಕೂತರು. ಹತ್ತು ನಲವತ್ತು ಆಫೀಸಿನ ಹೊತ್ತು. ಅವಳೇ ಸೀಟಿನಲ್ಲಿ ಕೂತು ಮಾಡಿರಬಹುದಲ್ಲ? ಶುಕ್ರವಾರದ ಪುಟ ತಿರುಗಿಸಿದರು.

‘10.25 ಅನ್ನಪೂರ್ಣ ಕೊರಿಯರ್‌ಗೆ ಹೋದಳು. 10.30 ಅಂಜನಾಪುರದ ಛತ್ರದ ಓನರ್ ಬಸಪ್ಪ ಬಂದರು. ಸಾರ್ ಅನ್ನಪೂರ್ಣಳ ಸೀಟಿನಲ್ಲಿ ಕೂತು ಸೈಟು ತೋರಿಸಿದರು. ಕಾಫಿ ಎರಡು. 11.05 ಅನ್ನಪೂರ್ಣ ವಾಪಸ್.’

ಉಪ್ಪು ತಿಂದ ಮನೆ. ಹೇಳಿದರೆ ಈ ವಯಸ್ಸಲ್ಲಿ ತಮ್ಮ ಕೆಲಸಕ್ಕೂ ಕೆಂಪು ಗೆರೆ ಬಿದ್ದೀತು. ಬೀಳಲಿ ಅಂದುಕೊಂಡರು. ಗಂಗಾಧರಯ್ಯನವರು ಹೊರಗೆ ಹೋದದ್ದೇ ತಡ, ನಂದಕುಮಾರನನ್ನು ಸ್ಕ್ರೀನಿನ ಮುಂದೆ ಕೂರಿಸಿ, ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು, ಐದೂವರೆ ಗಂಟೆಯ ಲೆಕ್ಕ ಹೇಳಿದರು.

ನಂದಕುಮಾರ ಓದಿದ, ಮತ್ತೊಮ್ಮೆ ಓದಿದ. ಮುಖ ಬಿಳುಚಿಕೊಂಡಿತು. “ಅವಳ ಲಾಗಿನ್ ತೆರೆದೇ ಇತ್ತು, ಕ್ಯಾನ್ಸಲ್ ಮಾಡೋದೂ ಎಷ್ಟು ಸುಲಭ ಅಂತ ಬಸಪ್ಪನೋರಿಗೆ ತೋರಿಸಿದ್ದೆ… ಅದು ರವಿಕುಮಾರ ಪರೀಕ್ಷೆಗೆ ಅಂತ ಮಾಡಿಟ್ಟ ಟ್ರಯಲ್ ಸೈಟು ಅಂದ್ಕೊಂಡಿದ್ದೆ. ಎರಡೂ ನೋಡೋಕೆ ಒಂದೇ ಥರ. ಖಾಲಿ ಬಿದ್ದ ದಿನಾನ ಆ ಬಾಗಲಕೋಟೆಯವರು ತಾವಾಗೇ ಹಿಡ್ಕೊಂಡಿದಾರೆ.”

ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಚನ್ನಬಸವಯ್ಯನೋರೇ, ಈ ಪುಟ ಬೇರೆ ಯಾರಾದ್ರೂ ನೋಡಿದಾರಾ?”

“ಪುಟಕ್ಕೆ ನಂಬರಿದೆ ಸಾರ್.”

ನಂದಕುಮಾರ ಕೆಟ್ಟವನಲ್ಲ, ದುಡುಕ, ಅಷ್ಟೇ. ಎದ್ದು ಅನ್ನಪೂರ್ಣಳಿಗೆ ತಾನೇ ಫೋನ್ ಮಾಡಿದ. ಆಮೇಲೆ ಗಂಗಾಧರಯ್ಯನವರಿಗೂ ಮಾಡಿ, ಅಪ್ಪನ ಛತ್ರವನ್ನೇ ಬಿಟ್ಟುಕೊಡ್ತೀನಿ, ಹೊಸ ಪತ್ರಿಕೆಯ ಖರ್ಚೂ ನನ್ನದೇ ಅಂದ. ಕೊನೆಗೆ ಹಾಜರಿ ಪುಸ್ತಕ ತೆಗೆದು, ಡ್ರಾಯರಿನಿಂದ ವೈಟ್‌ನರ್ ಬಾಟ್ಲು ಹುಡುಕಿದ.

“ಅಳಿಸಬೇಡಿ ಸಾರ್” ಅಂದರು ಚನ್ನಬಸವಯ್ಯನವರು. ಜೇಬಿನಿಂದ ತಮ್ಮ ಪೆನ್ನು ತೆಗೆದು ಮುಂದೆ ಹಿಡಿದರು. “ಒಂದು ಗೆರೆ ಎಳೀರಿ. ಪಕ್ಕದಲ್ಲಿ ರುಜು ಹಾಕಿ.”

ಅನ್ನಪೂರ್ಣ ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಕಣ್ಣು ಊದಿಕೊಂಡಿದ್ದವು. ಹಾಜರಿ ಪುಸ್ತಕ ಅವಳ ಮೇಜಿನ ಮೇಲೆ ತೆರೆದೇ ಇತ್ತು. ಕೆಂಪು ಗೆರೆಯನ್ನು ಹೊಡೆದುಹಾಕಿದ ಒಂದು ನೀಲಿ ಗೆರೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ತಪ್ಪು ನನ್ನದು’, ಕೆಳಗೆ ನಂದಕುಮಾರನ ರುಜು. ಅವಳು ಅದರ ಮೇಲೆ ಬೆರಳಾಡಿಸಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮೂಗೊರೆಸಿಕೊಂಡು ಎತ್ತಿ, “ಹೇಳ್ರೀ, ಯಾವ ತಾರೀಖಿಗೆ ಛತ್ರ ಬೇಕ್ರಿ?” ಅಂದಳು.

ಚನ್ನಬಸವಯ್ಯನವರು ಗಡಿಯಾರ ನೋಡಿ ನೋಟ್‌ಬುಕ್ಕು ತೆಗೆದರು. ‘4.20 ಅನ್ನಪೂರ್ಣ ತನ್ನ ಸೀಟಿನಲ್ಲಿ’ ಅಂತ ಬರೆದರು. ಕನ್ನಡಕ ಮಂಜಾಗಿತ್ತು, ಒರೆಸಿಕೊಂಡು ಮುಂದಿನ ಸಾಲಿನಲ್ಲಿ ‘ಎಲ್ಲಾ ನಾರ್ಮಲ್’ ಅಂತ ಬರೆದರು.