ಅತ್ತೆಯ ಕಾಲಡಿಯ ತಗಡು

ಕಾರಿನಲ್ಲಿ ಕುಳಿತವರಿಗೆ ರಸ್ತೆ ಎದುರಿಗೆ ಕಾಣಬೇಕು, ಪಕ್ಕಕ್ಕೆ ಕಂಡರೂ ತಪ್ಪಿಲ್ಲ. ಆದರೆ ಎರಡು ಪಾದಗಳ ನಡುವೆ ಕಾಣತೊಡಗಿದರೆ, ಆ ಕಾರಿನ ಮಾಲೀಕ ತನ್ನ ವಾಹನದ ಬಗ್ಗೆ ಹಾಡುತ್ತ ಬಂದ ಸ್ತೋತ್ರವನ್ನು ಕೊಂಚ ಮೊಟಕುಗೊಳಿಸಬೇಕಾಗುತ್ತದೆ. ನನ್ನ ಹಳೆಯ ಚಿಕ್ಕ ಕಾರಿನ ಮುಂದಿನ ಎಡ ಸೀಟಿನ ಬುಡದಲ್ಲಿ ತುಕ್ಕು ಎಷ್ಟು ವರ್ಷಗಳಿಂದ ತಪಸ್ಸಿಗೆ ಕುಳಿತಿತ್ತೋ ಕಾಣೆ. ಕಾಖಂಡಕಿಯಿಂದ ವಿಜಯಪುರಕ್ಕೆ ಬರುವ ಹಾದಿಯಲ್ಲಿ ಅತ್ತೆ ಆರಾಮವಾಗಿ ಕಾಲು ಚಾಚಿದ್ದೇ ತಡ, ತಗಡು ಹಪ್ಪಳದಂತೆ ಮುರಿದು ಅವರ ಎಡಗಾಲಿನ ಚಪ್ಪಲಿ ಭೂಮಾತೆಯ ಪಾಲಾಯಿತು. ಅತ್ತೆ ಕೂಗಲಿಲ್ಲ. "ಯಪ್ಪಾ, ಗಾಡಿ ಓಡಸಾಕ ನಿನ್ನ ಇಂಜಿನ್ ಸಾಲವಲ್ದೇನೋ? ನನ್ನ ಕಾಲೂ ಬೇಕಾಗ್ಯಾವೇನು?" ಎಂದು ಶಾಂತವಾಗಿ ಕೇಳಿದರು.

ಈ ಅತ್ತೆ ನನ್ನ ತಂದೆಯ ತಂಗಿ. ಅವರ ಮಗಳನ್ನೇ ಮದುವೆಯಾದ ಕಾರಣ ಎರಡು ದಿಕ್ಕಿನಿಂದಲೂ ಅತ್ತೆ. ಬೈಯುವ ಅಧಿಕಾರವೂ ದ್ವಿಗುಣ. ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ಕೆಲವು ದಿನ ಅಥಣಿ ರಸ್ತೆಯ ನಮ್ಮ ಮನೆಯಲ್ಲಿರಲು ಬರುತ್ತಿದ್ದರು. ಸದ್ಯದಲ್ಲೇ ತಿಕೋಟಾದಲ್ಲಿ ಅವರ ಮರಿಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಬಸ್ಸಾಗಲಿ, ಹೊಸ ಕಾರಾಗಲಿ, ಬಾಗಿಲು ಮುಚ್ಚಿತೆಂದರೆ ಅತ್ತೆಯ ಹೊಟ್ಟೆ ತೊಳಸುತ್ತದೆ. ಸಂದಿಸಂದಿಯಿಂದ ಗಾಳಿ ಬರುವ ನನ್ನ ಕಾರೊಂದೇ ಅವರಿಗೆ ಒಗ್ಗಿದ್ದು. ಆದರೆ ಕೆಳಗಿನಿಂದಲೂ ಗಾಳಿ ಬಂದದ್ದು ಅವರಿಗೂ ಅತಿಯಾಯಿತು. "ನೆಲಾ ಗಟ್ಟಿ ಆದ್ರ ಬರ್ತೇನಿ. ಇಲ್ಲಂದ್ರ ಕೂಸಿನ ಫೋಟೋ ತಂದು ತೋರಸ್ರಿ" ಎಂದುಬಿಟ್ಟರು. ಹೆಂಡತಿ ನನ್ನತ್ತ ನೋಡಿದಳು. ಮರಿಮಗನ ಮುಖ ನೋಡುವ ಭಾಗ್ಯ ಮುದುಕಿಗೆ ತಪ್ಪಿದರೆ ಅದಕ್ಕೆ ಹೊಣೆ ವಿಧಿಯಲ್ಲ, ಗಂಡನ ತುಕ್ಕು ಎಂಬ ತೀರ್ಪು ಆ ನೋಟದಲ್ಲಿತ್ತು.

ಕಾರು ರಿಪೇರಿಯವನು ಬಗ್ಗಿ ನೋಡಿ, "ಸಾಹೇಬ್ರ, ವೆಲ್ಡಿಂಗ್ ಮಾಡಾಕ ಒಂದೀಟ ಕಬ್ಬಿಣರ ಉಳದಿರಬೇಕಲ್ರಿ" ಎಂದ. ಅವನು ಕೇಳಿದ ಹಣ ಕಾರಿನ ಬೆಲೆಯನ್ನು ಮುಟ್ಟುತ್ತಿತ್ತು. ಕೇಳಿದ ಸಮಯ ತೊಟ್ಟಿಲ ಕಾರ್ಯವನ್ನು ದಾಟುತ್ತಿತ್ತು. ಆಗ ನನ್ನೊಳಗಿನ ವಿಶ್ವಕರ್ಮ ಎದ್ದು ಕುಳಿತ. ನಾನು ಗಾಂಧಿ ಚೌಕದ ಸಂದಿಯೊಂದರಲ್ಲಿ ನೋಟ್‌ಬುಕ್ಕು, ಪೆನ್ನು ಮಾರುವವನು. ಲೋಹಶಾಸ್ತ್ರದಲ್ಲಿ ನನ್ನ ಪ್ರಾವೀಣ್ಯ ಸ್ಟೇಪ್ಲರ್ ಪಿನ್ನಿನವರೆಗೆ ಮಾತ್ರ. ಆದರೂ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ ಮೇಲೆ, ಎರಡು ಹಾಳೆ ಜೋಡಿಸುವವನಿಗೆ ಎರಡು ತಗಡು ಜೋಡಿಸುವುದು ಏನು ಮಹಾ ಎನ್ನಿಸಿತು. ಅಗ್ಗದ್ದೊಂದು ವೆಲ್ಡಿಂಗ್ ಮಶೀನನ್ನು ನಾನೇ ಕೊಳ್ಳುವುದೆಂದು ನಿಶ್ಚಯಿಸಿದೆ.

ನಮ್ಮ ಕಡೆ ಒಂಟಿಯಾಗಿ ಹೋಗಿ ಯಂತ್ರ ಕೊಳ್ಳುವುದು ಅವಿವೇಕ; ಬಲ್ಲವರೊಬ್ಬರು ಜೊತೆಗಿರಬೇಕು. ಹೆಂಡತಿಯ ಅಣ್ಣ ಗುರಪ್ಪ, ಅಂದರೆ ತೊಟ್ಟಿಲ ಕೂಸಿನ ಅಜ್ಜ, ತಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿದವನು. ಬಳ್ಳಿ ಹಬ್ಬಿಸಲು ಎಕರೆಗಟ್ಟಲೆ ಕಬ್ಬಿಣದ ಕಂಬ ನಿಲ್ಲಿಸಿದ್ದ ಅವನನ್ನೇ ಕರೆದೊಯ್ದೆ. ಅಂಗಡಿಯಲ್ಲಿ ಎರಡು ಮಶೀನುಗಳಿದ್ದವು. ಒಂದು ಪುಟ್ಟದು, ತೆಳುವಾದ ತಂತಿಯನ್ನು ತಾನೇ ಬಿಡುತ್ತ ಹೋಗುವಂಥದು. ಇನ್ನೊಂದು ತಾಮ್ರದ ಸುರುಳಿ ತುಂಬಿದ ದೈತ್ಯ. ಕಡ್ಡಿ ಸಿಕ್ಕಿಸಿ ಉರಿಸುವಂಥದು, ಯಾರೋ ಬಳಸಿದ್ದಾದ್ದರಿಂದ ಪುಟ್ಟದಕ್ಕಿಂತ ಅಗ್ಗ. ಗುರಪ್ಪನ ಪರೀಕ್ಷೆ ಒಂದೇ: ಎತ್ತಿ ನೋಡುವುದು. ಕೊಡಪಾನವಿರಲಿ, ಕುಂಬಳಕಾಯಿಯಿರಲಿ, ಅವನ ತಕ್ಕಡಿ ಅವನ ಕೈ. ಪುಟ್ಟದನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕ.

"ಇದೇನ ವೆಲ್ಡಿಂಗ್ ಮಶೀನೋ, ಊಟದ ಡಬ್ಬಿಯೋ?"

"ಕಾಕಾರ, ಕಾರಿನ ತಗಡ ತೆಳ್ಳಗಿರ್ತೈತ್ರಿ. ಅದಕ್ಕ ಸಣ್ಣ ಉರಿನ ಬೇಕ್ರಿ" ಎಂದ ಅಂಗಡಿಯವನು.

"ತೂಕಿಲ್ಲದ್ದು ಬಾಳಿಕಿ ಬರಂಗಿಲ್ಲೋ ತಮ್ಮಾ. ಯಪ್ಪಾ, ನೀ ಆ ದೊಡ್ಡದು ಎತ್ತಿ ನೋಡು."

ನಾನು ಎತ್ತಿದೆ, ಅದು ಏಳಲಿಲ್ಲ. ಏಳದಿರುವುದೇ ಅದರ ಯೋಗ್ಯತಾಪತ್ರವಾಗಿ, ನಾಲ್ಕು ಕೈಗಳ ಆಧಾರದಿಂದ ಅದು ಆಟೋ ಏರಿತು.

ಮರುದಿನ ಸೀಟು ಕಳಚಿ, ಬ್ಯಾಟರಿ ಬಿಚ್ಚಿ, ಒದ್ದೆ ಗೋಣಿಚೀಲ ಹಾಸಿ, ನೀರಿನ ಬಕೆಟ್ ಪಕ್ಕಕ್ಕಿಟ್ಟು, ಮುಖವಾಡ ಧರಿಸಿ ಸಿದ್ಧನಾದೆ. ಕಿಡಿ ನೋಡಬಾರದೆಂದು ಅತ್ತೆ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ, ಮರಿಮಗನ ತೊಟ್ಟಿಲಿಗೆಂದು ಹಳೆಯ ಸೀರೆಗಳ ಪುಟ್ಟ ಕೌದಿ ಹೊಲಿಯುತ್ತ ಕುಳಿತರು. ಕಡ್ಡಿ ತಾಗಿಸಿದೆ. ಮನೆಯ ದೀಪಗಳು ಮಂಕಾದವು, ಎದುರುಮನೆಯ ಟಿವಿ ಆರಿತು, ನನ್ನ ಕಾರಿನಲ್ಲಿದ್ದ ಅಂಗೈಯಗಲದ ತೂತು ರೊಟ್ಟಿಯಗಲವಾಯಿತು. ಇನ್ನೊಮ್ಮೆ ತಾಗಿಸಿದೆ, ರೊಟ್ಟಿ ಹೆಂಚಿನಗಲವಾಯಿತು. ವೆಲ್ಡಿಂಗ್ ಎಂಬುದು ನನ್ನ ಕೈಯಲ್ಲಿ ತೂತು ಮುಚ್ಚುವ ವಿದ್ಯೆಯಾಗದೆ ತೂತು ಬೆಳೆಯುವ ಕೃಷಿಯಾಗಿತ್ತು.

ಸುದ್ದಿ ತಿಳಿದು ಗುರಪ್ಪ ಟ್ರ್ಯಾಕ್ಟರಿನಲ್ಲಿ ಬಂದ. ತೂತನ್ನು ನೋಡಿದ, ಮಶೀನನ್ನು ಪ್ರೀತಿಯಿಂದ ಸವರಿದ. "ಮಶೀನಿಂದೇನೂ ತಪ್ಪಿಲ್ಲ. ನಿನ್ನ ಕಾರಿಗೇ ತಾಕತ್ತಿಲ್ಲ. ನಮ್ಮ ತ್ವಾಟದ ಕಂಬಕ್ಕಾದ್ರ ಇದು ಬೆಣ್ಣಿಯಂಗ ಕೂಡಸ್ತೈತಿ" ಎಂದ. ಅಂಗಡಿಯಲ್ಲಿ ನಿಂತಾಗ ಅವನ ಕಣ್ಣ ಮುಂದಿದ್ದದ್ದು ಅವನ ತೋಟವೇ ಹೊರತು ನನ್ನ ಕಾರಲ್ಲ ಎಂಬುದು ಆಗ ಹೊಳೆಯಿತು. ಅವನನ್ನು ದೂರಲಾರೆ. ಅಗಸರ ಲೆಕ್ಕ ಬರೆಯಲು ಚೀಟಿ ಕೇಳಿದವರಿಗೂ ನಾನು ಇನ್ನೂರು ಪುಟದ ನೋಟ್‌ಬುಕ್ಕನ್ನೇ ತೋರಿಸುವವನು. ದೈತ್ಯನನ್ನು ನಾನು ಕೊಟ್ಟಿದ್ದ ಬೆಲೆಗೇ ಅವನು ತೋಟಕ್ಕೆ ಒಯ್ದ; ನಾನು ತಲೆ ತಗ್ಗಿಸಿ ಅಂಗಡಿಗೆ ಹೋಗಿ ಊಟದ ಡಬ್ಬಿಯನ್ನು ತಂದೆ.

ಸಣ್ಣ ಉರಿ ಈ ಬಾರಿ ತಗಡನ್ನು ನುಂಗಲಿಲ್ಲ. ತೂತಿನ ಮೇಲೆ ತಗಡಿನ ತುಂಡಿಟ್ಟು, ಹುರುಪಿನಿಂದ ಒಂದು ತುದಿಯಿಂದ ಗೆರೆ ಎಳೆದಂತೆ ಸುಟ್ಟುಕೊಂಡು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಹೊಸ ತಗಡು ಸೊಟ್ಟಗಾಗಿ ಇನ್ನೊಂದು ಅಂಚು ಹೆಡೆಯೆತ್ತಿ ನಿಂತಿತು. ಕಾರ್ಯಕ್ಕೆ ಉಳಿದದ್ದು ಎರಡೇ ದಿನ. ನಾನು ಮುಖವಾಡ ತೆಗೆದು ನಿಟ್ಟುಸಿರಿಟ್ಟದ್ದು ಅತ್ತೆಗೆ ಕೇಳಿಸಿತು. ಎದ್ದು ಬಂದು, ಹೊಸದಾಗಿ ಬಂದ ದೃಷ್ಟಿಯನ್ನೆಲ್ಲ ಆ ತಗಡಿನ ಮೇಲೆ ಪ್ರಯೋಗಿಸಿದರು.

"ಲೇ, ಒಂದ ಕಡಿಂದ ಹೊಲಕೊಂತ ಹೊಂಟೀದೇನೋ?"

"ಹೌದಬೇ ಅತ್ತಿ."

"ಅದಕ್ಕ ಹಿಂಗ ಆಗೇತಿ. ಕೌದಿಗೆ ಮೊದಲ ನಾಕೂ ಮೂಲಿ ಹಿಡದು ಹೊಲಿಗಿ ಹಾಕಬೇಕು. ಆಮ್ಯಾಲ ಇಲ್ಲೊಂದು, ಅಲ್ಲೊಂದು. ಅವಸರ ಮಾಡಿದ್ರ ಅರಿವಿ ಮುನಸ್ಕೋತೈತಿ. ಇಷ್ಟ ವಯಸ್ಸಾತು, ಇದೂ ಗೊತ್ತಿಲ್ಲ!"

ಸೊಟ್ಟ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನಿಟ್ಟೆ. ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ. ಆರಲು ಬಿಟ್ಟು, ಎದುರು ಬದಿಗೆ ಇನ್ನೊಂದು. ಕಾಯುತ್ತ ಕುಳಿತ ಆ ಬಿಡುವುಗಳಲ್ಲಿ, ತೆಳ್ಳನೆಯ ಸಂಗತಿಗಳಿಗೆ ನಾನು ಎಷ್ಟು ಬಾರಿ ದೊಡ್ಡ ಮಶೀನು ಹಚ್ಚಿದ್ದೇನೆಂದು ನೆನಪಾಗತೊಡಗಿತು. ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ಹೆಂಡತಿಯೊಡನೆ ಮೂರು ದಿನ ಮಾತು ಬಿಟ್ಟದ್ದು ಅದರಲ್ಲೊಂದು. ಓದುಗ ಮಹಾಶಯರೇ, ಉಳಿದವನ್ನು ಹೇಳಲಾರೆ. ಹೆಂಡತಿಯೂ ಇದನ್ನು ಓದುತ್ತಾಳೆ.

ಕಾರ್ಯದ ದಿನ ಬೆಳಿಗ್ಗೆ ಅತ್ತೆ ಕಾರು ಹತ್ತಿದರು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. "ಕಾಲ ಕೆಳಗ ಬಿಡಬೇ ಅತ್ತಿ, ಗಟ್ಟಿ ಐತಿ" ಎಂದೆ. "ಇರಲಿ ಬಿಡೋ, ಹಿಂಗ ಆರಾಮೈತಿ" ಎಂದರು. ತಿಕೋಟಾ ಮುಟ್ಟುವವರೆಗೂ ಕಾಲು ಇಳಿಯಲಿಲ್ಲ. ಮರಿಮಗನನ್ನು ತೊಡೆಯ ಮೇಲೆ ಹಾಕಿಕೊಂಡರು, ಕೌದಿ ಹಾಸಿದ ತೊಟ್ಟಿಲು ತೂಗಿದರು, ಎರಡು ಹೋಳಿಗೆ ಹೆಚ್ಚಿಗೆ ಉಂಡರು. ನನ್ನ ವಿದ್ಯೆಯ ಬಗ್ಗೆ ಮಾತ್ರ ಒಂದಕ್ಷರವಿಲ್ಲ.

ಮಧ್ಯಾಹ್ನ ಮರಳುವಾಗ ಹೋಳಿಗೆ ತನ್ನ ಕೆಲಸ ಮಾಡಿತು. ಅತ್ತೆಗೆ ಜೊಂಪು ಹತ್ತಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ತಾನಾಗಿಯೇ ಜಾರಿ ನನ್ನ ತಗಡಿನ ಮೇಲೆ ಊರಿದವು. ಹಿಂದಿನ ಸೀಟಿನಿಂದ ಹೆಂಡತಿ ನನ್ನ ಹೆಗಲು ಮುಟ್ಟಿ "ಸಾವಕಾಶ ಹೊಡೀರಿ" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ರಸ್ತೆಯ ಉಬ್ಬಿಗೆ ಕಾರು ಜಿಗಿದು ಅತ್ತೆಗೆ ಎಚ್ಚರವಾಯಿತು. ಬಗ್ಗಿ ತಮ್ಮ ಕಾಲುಗಳನ್ನು ನೋಡಿಕೊಂಡರು. ನಾನು ವೇಗ ತಗ್ಗಿಸಿದೆ. ಅವರು ಕಾಲೆತ್ತಲಿಲ್ಲ, ಹಿಮ್ಮಡಿಯನ್ನು ಇನ್ನಷ್ಟು ಗಟ್ಟಿಯಾಗಿ ಊರಿ, ಪಕ್ಕದ ಬಾಗಿಲನ್ನು ಅಲುಗಾಡಿಸಿ ನೋಡಿದರು.

"ಇದೂ ಸಡಲ ಆಗೇತೋ ಯಪ್ಪಾ. ಮನಿಗೆ ಹೋದ ಕೂಡಲೇ ಇದಕ್ಕೂ ನಾಕ ಹೊಲಿಗಿ ಹಾಕಿಬಿಡು."